ಸರ್ವರ್ ಏಳುವ ಹೊತ್ತು

ನಿಂತುಕೊಂಡು ಒಂದು ಬೈಟೂ ಕಾಫಿ ಮುಗಿಸಲು ನಾಲ್ಕು ನಿಮಿಷ ಬೇಕು. ಮೆಟ್ಟಿಲು ಇಳಿದು ಹತ್ತಲು ಇನ್ನೊಂದು ನಿಮಿಷ. ಅಂದಾಜಿನ ಮಾತಲ್ಲ, 2005ರಲ್ಲಿ ದಿನಕ್ಕೆ ಹಲವು ಸಲ ಗಡಿಯಾರ ನೋಡಿ ಅಳೆದ ಲೆಕ್ಕ. ಯಾಕೆಂದರೆ ನಮ್ಮ ಸರ್ವರ್ ಏಳಲು ಐದೂವರೆ ನಿಮಿಷ ಹಿಡಿಯುತ್ತಿತ್ತು. ಕಾಫಿ ಕುಡಿದು ಮೇಲೆ ಬಂದು ಕೂತರೂ ಕಪ್ಪು ಪರದೆಯ ಮೇಲೆ ಅಕ್ಷರಗಳು ಇನ್ನೂ ಓಡುತ್ತಲೇ ಇರುತ್ತಿದ್ದವು.

ಬೆಂಗಳೂರಿನ ಇಟ್ಟಮಡು ಮುಖ್ಯರಸ್ತೆಯ ಒಂದು ಅಡ್ಡರಸ್ತೆಯಲ್ಲಿ, ಮನೆಯೊಂದರ ಮಹಡಿ ಮೇಲೆ ನಮ್ಮ ಆಫೀಸು. ಏಳು ಜನ, ಏಳು ಕಂಪ್ಯೂಟರ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಪತ್ತಿನ ಸಹಕಾರ ಸಂಘಗಳಿಗೆ ಸಾಲ, ಠೇವಣಿ, ಬಡ್ಡಿಯ ಲೆಕ್ಕ ಇಡುವ ತಂತ್ರಾಂಶ ಮಾಡುತ್ತಿದ್ದೆವು. ಕೆಳಗಡೆ ಮನೆಯ ಓನರ್ ಅಜ್ಜಿ, ಅವರ ಮಗ, ಸೊಸೆ, ಮೂರು ವರ್ಷದ ಮೊಮ್ಮಗಳು. ಅಜ್ಜಿ ಬೋರ್‌ವೆಲ್ ಮೋಟರ್ ಹಾಕಿದರೆ ವೋಲ್ಟೇಜು ಕುಸಿದು ನಮ್ಮ ಯುಪಿಎಸ್ ಕಿಟಕ್ಕೆಂದು ಬ್ಯಾಟರಿಗೆ ಹೊರಳುತ್ತಿತ್ತು. ಬ್ಯಾಟರಿ ಹಳೆಯದು, ಒಂದೊಂದು ಸಲ ತಡೆದುಕೊಳ್ಳುತ್ತಿರಲಿಲ್ಲ. ಒಮ್ಮೆ ಹಾಗಾದ ಮೇಲೆ ಅಜ್ಜಿ ಮೋಟರ್ ಹಾಕುವ ಮುಂಚೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಕೇಳತೊಡಗಿದರು: "ಎದ್ದಿತೇನಪ್ಪಾ ನಿಮ್ಮದು?"

ಎದ್ದ ಮೇಲೆ ಮೋಟರ್ ಹಾಕಬಾರದು, ಏಳುವಾಗಲೂ ಹಾಕಬಾರದು. ಹಾಗಾಗಿ ಮಲಗಿಸಿದ ಹೊತ್ತು ನೋಡಿ ನಾವೇ ಹೇಳುತ್ತಿದ್ದೆವು, "ಈಗ ಹಾಕ್ಕೊಳ್ಳಿ ಅಜ್ಜಿ" ಎಂದು. ಆಫೀಸಿನಲ್ಲಿ ನಾವು ಅಲ್ಲಿಯವರೆಗೆ "ಅಪ್ ಆಯ್ತಾ?" ಎನ್ನುತ್ತಿದ್ದೆವು. ಆಮೇಲೆ ಎಲ್ಲರ ಬಾಯಲ್ಲೂ "ಎದ್ದಿತಾ?" ಎಂಬುದೇ ನಿಂತಿತು.

ಆ ಬಡಾವಣೆಯ ಹೆಸರುಗಳೆಲ್ಲ ನೀರಿನವು. ಮಡು ಎಂದರೆ ನೀರು ಆಳವಾಗಿ ನಿಂತ ಜಾಗ. ಅತ್ತ ಹೊಸಕೆರೆಹಳ್ಳಿ, ಇತ್ತ ಚನ್ನಮ್ಮನಕೆರೆ ಅಚ್ಚುಕಟ್ಟು. ಅಚ್ಚುಕಟ್ಟು ಎಂದರೆ ಕೆರೆಯ ನೀರು ಹಾಯುವ ಹೊಲಗದ್ದೆ. ನಾವಿದ್ದ ಕಾಲಕ್ಕೆ ಹೊಲ ಉಳಿದಿರಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಬಂದು ನಿಂತರೆ ಅಡ್ಡರಸ್ತೆ ಪೂರ್ತಿ ಮುಚ್ಚಿ ಹೋಗುತ್ತಿತ್ತು. ಬನಶಂಕರಿಯಲ್ಲಿ ಬಸ್ಸಿಳಿದು, ಕತ್ರಿಗುಪ್ಪೆ ವಾಟರ್ ಟ್ಯಾಂಕ್ ದಾಟಿ ನಡೆದು ಬರುತ್ತಿದ್ದ ಆ ದಾರಿಯಲ್ಲಿ ಆಗ ಮನೆಗಳ ನಡುವೆ ಖಾಲಿ ಸೈಟುಗಳು ಧಾರಾಳವಾಗಿದ್ದವು, ಹಸು ಕಟ್ಟಿದವರಿದ್ದರು. ರಿಂಗ್ ರೋಡಿನ ಆಚೆ ದೊಡ್ಡ ಕಂಪನಿಗಳ ಬಸ್ಸು ಹಿಡಿಯಲು ಬೆಳಿಗ್ಗೆ ಕೊರಳಿಗೆ ಟ್ಯಾಗ್ ಹಾಕಿಕೊಂಡ ಹುಡುಗರು ನಿಂತಿರುತ್ತಿದ್ದರು. ನಮ್ಮಂಥ ಸಣ್ಣ ಆಫೀಸುಗಳು ಅಡ್ಡರಸ್ತೆಗಳಲ್ಲಿ ಹರಡಿಕೊಂಡಿದ್ದವು. ಬೋರ್ಡಿಲ್ಲ, ಮೆಟ್ಟಿಲ ಮೇಲೆ ಚಪ್ಪಲಿ ಸಾಲು ಕಂಡರೆ ಅಲ್ಲೊಂದು ಆಫೀಸಿದೆ ಎಂದರ್ಥ.

ಜಾವಾ ಅಪ್ಲಿಕೇಶನ್ ಸರ್ವರ್ ಎಂಬುದನ್ನು ಆ ದಿನಗಳಲ್ಲಿ ಅಜ್ಜಿಗೆ ಹೇಗೆ ವಿವರಿಸಿದೆನೋ ಹಾಗೆಯೇ ಇಲ್ಲೂ ಹೇಳುತ್ತೇನೆ. ಅದೊಂದು ಛತ್ರ. ಮದುವೆ ಮಾಡುವವರು ನಾವು, ಅಂದರೆ ತಂತ್ರಾಂಶ ಬರೆಯುವವರು. ವೇದಿಕೆ, ಅಡುಗೆಮನೆ, ನೀರು, ದೀಪ, ಕುರ್ಚಿ, ಕಾವಲು ಛತ್ರದವರದು. ಡೇಟಾಬೇಸಿಗೆ ದಾರಿ, ಸಂದೇಶ ಸಾಗಿಸುವುದು, ಭದ್ರತೆ, ವ್ಯವಹಾರ ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳುವುದು, ಇವೆಲ್ಲ ಸರ್ವರಿನ ಹೊಣೆ. ಸನ್ ಮೈಕ್ರೋಸಿಸ್ಟಮ್ಸ್ 1999ರ ಕೊನೆಗೆ ಜೆ2ಇಇ ಎಂಬ ಹೆಸರಿನಲ್ಲಿ ಈ ಛತ್ರದಲ್ಲಿ ಏನೇನಿರಬೇಕೆಂದು ಪಟ್ಟಿ ಮಾಡಿತು. ಪಟ್ಟಿ ಉದ್ದವಾಗಿತ್ತು. ನಾಮಕರಣಕ್ಕೆ ಇಪ್ಪತ್ತು ಜನ ಬಂದರೂ ಸಾವಿರ ಜನದ ಒಲೆಗಳನ್ನೆಲ್ಲ ಹಚ್ಚಿಟ್ಟೇ ಬಾಗಿಲು ತೆಗೆಯುವುದು ಆಗಿನ ಸರ್ವರುಗಳ ರೀತಿ.

ಅದರ ಮೇಲೆ ಜಾವಾದ ಸ್ವಭಾವ. ಜಾವಾ ಕಾರ್ಯಕ್ರಮ ಸಾವಿರಾರು ಕ್ಲಾಸ್‌ಗಳಾಗಿ ಒಡೆದಿರುತ್ತದೆ, ಅವು ಜಾರ್ ಎಂಬ ಕಟ್ಟುಗಳಲ್ಲಿ ಕುಗ್ಗಿ ಕೂತಿರುತ್ತವೆ. ಒಂದೊಂದನ್ನೂ ಮೊದಲ ಸಲ ಬೇಕಾದಾಗ ಹುಡುಕಿ, ಬಿಚ್ಚಿ, ಓದಿ, ನಿಯಮ ಮೀರಿಲ್ಲವೆಂದು ಪರೀಕ್ಷಿಸಿ, ಬೇರೆ ಕ್ಲಾಸ್‌ಗಳಿಗೆ ಹೊಂದಿಸಬೇಕು. ಇಷ್ಟಾದ ಮೇಲೂ ಮೊದಮೊದಲು ಅದು ಸಾಲುಸಾಲಾಗಿ ಅರ್ಥ ಮಾಡಿಕೊಂಡು ಮೆಲ್ಲಗೆ ನಡೆಯುತ್ತದೆ. ಯಾವ ಭಾಗ ಪದೇ ಪದೇ ಓಡುತ್ತದೆಂದು ಕಂಡ ಮೇಲಷ್ಟೇ ಅದನ್ನು ಯಂತ್ರದ ಭಾಷೆಗೆ ತಿರುಗಿಸಿ ವೇಗ ಪಡೆಯುತ್ತದೆ. ಹಾಗಾಗಿ ಏಳುವ ಹೊತ್ತೇ ಜಾವಾಕ್ಕೆ ಅತಿ ನಿಧಾನದ ಹೊತ್ತು. ದಿನವಿಡೀ ಓಡಿಸಿದರೆ ಅದರ ಶಕ್ತಿ ಕಾಣುತ್ತದೆ. ಆದರೆ ಬರೆಯುವವನು ದಿನವಿಡೀ ಓಡಿಸುವುದಿಲ್ಲ, ದಿನಕ್ಕೆ ಇಪ್ಪತ್ತು ಸಲ ಮಲಗಿಸಿ ಎಬ್ಬಿಸುತ್ತಾನೆ. ಇಪ್ಪತ್ತು ಸಲ ಐದೂವರೆ ನಿಮಿಷವೆಂದರೆ 110 ನಿಮಿಷ. ಏಳು ಜನಕ್ಕೆ ಹನ್ನೆರಡು ಗಂಟೆಗೂ ಮೀರಿತು. ದಿನಕ್ಕೆ ಒಂದೂವರೆ ಆಳಿನ ಸಂಬಳ ಬರೀ ಕಾಯುವುದಕ್ಕೆ ಹೋಗುತ್ತಿತ್ತು. ಈ ಲೆಕ್ಕವನ್ನು ಬಿಳಿ ಹಲಗೆಯ ಮೇಲೆ ಬರೆದದ್ದು ನಮ್ಮ ಹಿರಿಯ ಎಂಜಿನಿಯರ್. ಅವರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು, ಇಲ್ಲೂ ಹಾಗೆಯೇ ಕರೆಯುತ್ತೇನೆ.

ಅವರು ಬರುವ ಮುಂಚೆ ನಾವು ಮಾಡಿದ್ದೆಲ್ಲ ಹರಕೆಯ ಹಾಗೆ. ಎಸ್‌ಪಿ ರೋಡಿಗೆ ಹೋಗಿ ರ‍್ಯಾಮ್ ತಂದು ಹಾಕಿದೆವು. ಟೆಂಪ್ ಫೋಲ್ಡರ್ ಅಳಿಸಿದೆವು. ಮೆಮೊರಿಯ ಅಂಕಿಗಳನ್ನು ಯಾರೋ ಹೇಳಿದ್ದಕ್ಕೆ ಹೆಚ್ಚಿಸಿದೆವು, ಇನ್ಯಾರೋ ಹೇಳಿದ್ದಕ್ಕೆ ತಗ್ಗಿಸಿದೆವು. ನಾನೊಮ್ಮೆ ಒಂದು ಸೆಟ್ಟಿಂಗ್ ಬದಲಿಸಿ ಒಂದು ನಿಮಿಷ ಉಳಿಸಿದೆನೆಂದು ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಮೊದಲ ಸಲ ಎಬ್ಬಿಸಿದಾಗ ಅದೇ ಐದೂವರೆ ನಿಮಿಷ. ಹಿಂದಿನ ದಿನ ನಾನು ಅಳೆದದ್ದು ಎರಡನೇ ಸಲದ್ದು. ಜಾರ್ ಫೈಲುಗಳೆಲ್ಲ ಆಗಲೇ ಡಿಸ್ಕಿನಿಂದ ಮೆಮೊರಿಗೆ ಬಂದು ಕೂತಿದ್ದವು. ತಣ್ಣಗಿನ ಯಂತ್ರದ ಲೆಕ್ಕ ಬೇರೆ, ಬಿಸಿಯಾದ ಯಂತ್ರದ ಲೆಕ್ಕ ಬೇರೆ. ಎರಡನ್ನು ಬೆರೆಸಿದರೆ ಅಳತೆಗೇ ಅರ್ಥವಿಲ್ಲ. ಇದನ್ನು ಕಲಿಯಲು ನನಗೆ ಆ ಪೆಟ್ಟು ಬೇಕಾಯಿತು.

ಸರ್ ಮೊದಲು ಮಾಡಿಸಿದ ಕೆಲಸ ಲಾಗ್‌ನಲ್ಲಿ ಪ್ರತಿ ಸಾಲಿನ ಮುಂದೆ ಒಂದು ಅಂಕಿ ಬರುವಂತೆ ಮಾಡಿದ್ದು, ಶುರುವಾದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತೆಂದು. ಲಾಗ್ ಬರೆಯುವ ಸಾಧನವಾದ ಲಾಗ್4ಜೆಯಲ್ಲಿ ಅದಕ್ಕೆ ಒಂದೇ ಅಕ್ಷರದ ಗುರುತು ಸಾಕಿತ್ತು. ಅದನ್ನು ಮುದ್ರಿಸಿ, ಎಡಗಡೆಯ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಬನ್ನಿ ಎಂದರು. ಅಂಕಿ ಎಲ್ಲಿ ಧುತ್ತೆಂದು ಜಿಗಿಯುತ್ತದೋ ಅಲ್ಲಿ ಕೆಂಪು ಪೆನ್ನಿನ ಗೆರೆ. ಐದೂವರೆ ನಿಮಿಷ ಎಂಬ ಒಂದು ದೊಡ್ಡ ಮಂಜು ಅವತ್ತು ನಾಲ್ಕು ಕೆಂಪು ಗೆರೆಗಳಾಗಿ ಒಡೆಯಿತು.

ಆದರೆ ಲಾಗ್ ಎರಡು ಸಾಲಿನ ನಡುವೆ ಏನಾಯಿತೆಂದು ಹೇಳುವುದಿಲ್ಲ. ಅದಕ್ಕೆ ಅವರು ಕಲಿಸಿದ್ದು ಥ್ರೆಡ್ ಡಂಪ್. ಓಡುತ್ತಿರುವ ಜಾವಾವನ್ನು ತಡೆದು "ಈ ಕ್ಷಣದಲ್ಲಿ ನಿನ್ನ ಒಬ್ಬೊಬ್ಬ ಆಳೂ ಏನು ಮಾಡುತ್ತಿದ್ದಾನೆ?" ಎಂದು ಕೇಳುವುದು. ಲಿನಕ್ಸ್‌ನಲ್ಲಿ ಕಿಲ್ ಮೈನಸ್ 3. ವಿಂಡೋಸಿನಲ್ಲಿ ಕಂಟ್ರೋಲ್ ಜೊತೆ ಬ್ರೇಕ್ ಕೀ. ಹೆಸರು ಕಿಲ್ ಆದರೂ ಅದು ಕೊಲ್ಲುವುದಿಲ್ಲ, ಉತ್ತರ ಬರೆದು ಮುಂದೆ ನಡೆಯುತ್ತದೆ. "ಒಂದು ತೆಗೆದರೆ ಸುಳ್ಳು ಹೇಳಬಹುದು. ಐದು ತೆಗೀರಿ, ಐದೈದು ಸೆಕೆಂಡಿಗೆ ಒಂದರಂತೆ. ಐದರಲ್ಲೂ ಒಬ್ಬ ಆಳು ಒಂದೇ ಕಡೆ ನಿಂತಿದ್ದರೆ ಅಲ್ಲೇ ನಿಮ್ಮ ಹೊತ್ತು ಹೋಗ್ತಿರೋದು" ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. ಇಪ್ಪತ್ತು ವರ್ಷದಿಂದ ನಾನು ಈ ಕಸುಬಿನಲ್ಲಿ ಮಾಡಿದ್ದೆಲ್ಲ ಆ ಮಾತಿನ ಮೇಲೆಯೇ ನಿಂತಿದೆ: "ಅದು ಕೆಲಸ ಮಾಡ್ತಿದೆಯೋ, ಕಾಯ್ತಿದೆಯೋ, ಮೊದಲು ಅದನ್ನ ನೋಡ್ಕೊಳ್ಳಿ."

ನಾವೆಲ್ಲ ನಿಧಾನವೆಂದರೆ ಕೆಲಸ ಜಾಸ್ತಿ ಎಂದುಕೊಂಡಿದ್ದೆವು. ಹಾಗಾಗಿ ರ‍್ಯಾಮ್ ತಂದದ್ದು, ಪ್ರೊಸೆಸರ್ ಬೈದದ್ದು.

2006ರ ಮಳೆಗಾಲದ ಒಂದು ಸಂಜೆ ಬ್ರಾಡ್‌ಬ್ಯಾಂಡ್ ಕಡಿಯಿತು. ಅಂದು ಸರ್ವರ್ ಏಳಲೇ ಇಲ್ಲ. ಪಕ್ಕದ ಕೋಣೆಯಲ್ಲೇ ಇರುವ ಡೇಟಾಬೇಸಿಗೆ ಹೋಗುವ ಸರ್ವರಿಗೆ ಹೊರಗಿನ ಇಂಟರ್ನೆಟ್ ಯಾಕೆ ಬೇಕು? ಐದು ಡಂಪ್ ತೆಗೆದೆವು. ಐದರಲ್ಲೂ ಮುಖ್ಯ ಆಳು ಎಕ್ಸ್‌ಎಂಎಲ್ ಓದುವವನ ಕೈಕೆಳಗೆ, ಸಾಕೆಟ್ ಬಾಗಿಲಲ್ಲಿ ನಿಂತಿದ್ದ. ಹೈಬರ್ನೇಟ್ ಎಂಬ ಸಾಧನದ ಮೂಲಕ ನಮ್ಮ ಒಂದೊಂದು ಕೋಷ್ಟಕಕ್ಕೂ ಒಂದೊಂದು ಎಕ್ಸ್‌ಎಂಎಲ್ ಫೈಲು, ಒಟ್ಟು ಅರವತ್ತು ಚಿಲ್ಲರೆ. ಪ್ರತಿ ಫೈಲಿನ ತಲೆಯಲ್ಲೂ ಅದರ ವ್ಯಾಕರಣದ ಫೈಲು ಎಲ್ಲಿದೆಯೆಂಬ ವಿಳಾಸ. ಆ ವಿಳಾಸ ತನ್ನದೆಂದು ಗುರುತು ಸಿಕ್ಕರೆ ಹೈಬರ್ನೇಟ್ ಹೊರಗೆ ಹೋಗುವುದೇ ಇಲ್ಲ, ತನ್ನ ಜಾರ್ ಒಳಗೇ ಇಟ್ಟುಕೊಂಡ ಪ್ರತಿಯನ್ನು ಓದುತ್ತದೆ. ನಮ್ಮವರಲ್ಲಿ ಯಾರೋ ಮೊದಲ ಫೈಲು ಬರೆಯುವಾಗ ವಿಳಾಸದ ಮುಂದೆ ಮೂರು ಡಬ್ಲ್ಯೂ ಸೇರಿಸಿದ್ದರು. ಆಮೇಲಿನವರೆಲ್ಲ ಅದನ್ನೇ ನಕಲು ಮಾಡಿದ್ದರು. ಗುರುತು ಸಿಗದೆ ಸರ್ವರ್ ಪ್ರತಿಯೊಂದು ಫೈಲಿಗೂ ಸಮುದ್ರ ದಾಟಿ ಹೋಗಿ ಒಂದೇ ವ್ಯಾಕರಣವನ್ನು ತಂದು ಓದುತ್ತಿತ್ತು. ಅರವತ್ತು ಫೈಲು, ಅರವತ್ತು ಯಾತ್ರೆ. ಪ್ರತಿಯೊಂದಕ್ಕೂ ಒಂದೂವರೆ ಸೆಕೆಂಡು.

ಮೂರು ಅಕ್ಷರ ತೆಗೆದೆವು. ಒಂದೂವರೆ ನಿಮಿಷ ಉಳಿಯಿತು. ಆ ರಾತ್ರಿ ಮಳೆಯಲ್ಲೇ ನಡೆದು ಕಾಮಾಖ್ಯದವರೆಗೆ ಹೋಗಿ ಊಟ ಮಾಡಿದ್ದು ನೆನಪಿದೆ. ಸಂತೋಷಕ್ಕೆ ಯಾರೂ ಛತ್ರಿ ಬಿಚ್ಚಲಿಲ್ಲ.

ಮಿಕ್ಕ ಮೂರು ಗೆರೆಗಳಲ್ಲಿ ಎರಡರ ಕತೆಯೂ ಕಾಯುವುದೇ. ಪ್ರತಿ ಸಲ ಏಳುವಾಗ ಡೇಟಾಬೇಸಿನ ಕೋಷ್ಟಕಗಳೆಲ್ಲ ಹಾಗೇ ಇವೆಯೇ ಎಂದು ಹೋಲಿಸಿ ನೋಡುವ ಒಂದು ಸೆಟ್ಟಿಂಗ್ ಉಳಿದುಬಿಟ್ಟಿತ್ತು. ಶುರುವಿನ ವಾರದಲ್ಲಿ ಅನುಕೂಲಕ್ಕೆಂದು ಹಾಕಿದ್ದು. ಆಂಟಿವೈರಸ್ ಒಂದೊಂದು ಜಾರ್ ಕಟ್ಟನ್ನೂ ಸರ್ವರಿಗಿಂತ ಮುಂಚೆ ತಾನು ಬಿಚ್ಚಿ ನೋಡುತ್ತಿತ್ತು. ಆ ಫೋಲ್ಡರನ್ನು ಬಿಟ್ಟುಬಿಡೆಂದು ಅದಕ್ಕೆ ಹೇಳಿದೆವು. ನಾಲ್ಕನೆಯದು ಮಾತ್ರ ನಿಜವಾದ ಕೆಲಸ, ಕ್ಲಾಸ್ ಓದುವುದು. ಅದಕ್ಕೆ ನಮಗೆ ಬೇಡದ ಒಲೆಗಳನ್ನು ಆರಿಸಿದೆವು. ಸಂದೇಶ ವ್ಯವಸ್ಥೆ, ಮೇಲ್ ವ್ಯವಸ್ಥೆ, ಕ್ಲಸ್ಟರ್ ಒಂದೂ ನಮ್ಮ ಸಂಘಗಳಿಗೆ ಬೇಕಿರಲಿಲ್ಲ. ಕ್ಲಾಸ್‌ಗಳ ಪರೀಕ್ಷೆಯನ್ನೇ ಕೈಬಿಡುವ ಒಂದು ಆಯ್ಕೆಯೂ ಜಾವಾದಲ್ಲಿತ್ತು, ಬಹಳ ಕಡೆ ಅದನ್ನು ಹಾಕುತ್ತಿದ್ದರು. ಸರ್ ಒಪ್ಪಲಿಲ್ಲ. ಜನರ ಠೇವಣಿಯ ಲೆಕ್ಕದ ಯಂತ್ರದಲ್ಲಿ ಕಾವಲು ತೆಗೆದು ಉಳಿಸುವ ಸೆಕೆಂಡು ನಮಗೆ ಬೇಡ ಎಂದರು. ಅವರು ಹೇಳಿದ್ದು ಸರಿ ಎಂದೇ ನನಗೆ ಇಂದಿಗೂ ಅನ್ನಿಸುತ್ತದೆ. ಜೆಡಿಕೆ ಎಂಬ ಜಾವಾ ಕಿಟ್‌ನ 13ನೇ ಆವೃತ್ತಿಯಿಂದ ಜಾವಾದವರೂ ಆ ಆಯ್ಕೆಯನ್ನು ಬಳಸಬೇಡಿ ಎಂದು ಎಚ್ಚರಿಸತೊಡಗಿದರು. ಎಲ್ಲ ಮುಗಿದಾಗ ಒಂದು ನಿಮಿಷ ನಲವತ್ತು ಸೆಕೆಂಡು. ಕಾಫಿಗೆ ಇಳಿದರೆ ಈಗ ಸರ್ವರೇ ನಮಗಾಗಿ ಕಾಯುತ್ತಿತ್ತು.

ಪ್ರೊಫೈಲರ್ ಎಂಬ ಸಾಧನಗಳು ಆಗ ಇರಲಿಲ್ಲವೆಂದಲ್ಲ. ದುಡ್ಡು ಕೊಟ್ಟು ಕೊಳ್ಳುವಂಥವು ಇದ್ದವು, ನಮಗೆ ಎಟುಕುತ್ತಿರಲಿಲ್ಲ. ಜಾವಾದ ಜೊತೆಗೇ ಬರುತ್ತಿದ್ದ ಎಚ್‌ಪ್ರಾಫ್ ನಮ್ಮ ಪಾಲಿಗಿತ್ತು. ಅದು ಕ್ಷಣಕ್ಷಣಕ್ಕೂ ಇಣುಕಿ, ಯಾವ ಆಳು ಎಲ್ಲಿ ದುಡಿಯುತ್ತಿದ್ದಾನೆಂದು ಲೆಕ್ಕ ಹಾಕಿ, ಕೊನೆಗೆ ಒಂದು ಪಠ್ಯ ಫೈಲು ಬರೆಯುತ್ತಿತ್ತು, ಜಾಸ್ತಿ ಹೊತ್ತು ತಿಂದವರು ಮೇಲೆ. ಒಂದು ವಾರ ನಾನು ಆ ಪಟ್ಟಿಯ ಮೊದಲ ಹೆಸರಿನ ಬೆನ್ನು ಹತ್ತಿದೆ. ಸಾಕೆಟ್ ಮೇಲೆ ಯಾರಾದರೂ ಬರುತ್ತಾರೆಯೇ ಎಂದು ಬಾಗಿಲಲ್ಲಿ ಕೂತ ಆಳು ಅದು. ಆಮೇಲೆ ತಿಳಿಯಿತು, ಜಾವಾದ ಗಡಿ ದಾಟಿ ಆಪರೇಟಿಂಗ್ ಸಿಸ್ಟಮಿನ ಒಳಗೆ ನಿದ್ದೆ ಮಾಡುವವನನ್ನೂ ಎಚ್‌ಪ್ರಾಫ್ ದುಡಿಯುವವನೆಂದೇ ಎಣಿಸುತ್ತದೆ. ಸರ್ ಕೇಳಿದ ಪ್ರಶ್ನೆಗೆ ಆ ಸಾಧನದಲ್ಲಿ ಉತ್ತರವೇ ಇರಲಿಲ್ಲ. 2008ರಲ್ಲಿ ಜೆಡಿಕೆ ಜೊತೆಗೇ ವಿಷುವಲ್‌ವಿಎಂ ಬಂತು, ಬಣ್ಣದ ಪಟ್ಟಿಗಳಲ್ಲಿ ಓಡುವವರು, ಮಲಗಿದವರು, ಕಾಯುವವರು ಬೇರೆ ಬೇರೆಯಾಗಿ ಕಂಡರು. ಎಚ್‌ಪ್ರಾಫ್ ಅನ್ನು ಜೆಡಿಕೆ 9ರಲ್ಲಿ ತೆಗೆದುಹಾಕಿದರು. ನನಗೆ ಬೇಸರವೇನೂ ಆಗಲಿಲ್ಲ.

ಕಾಯುವಿಕೆಯ ಕತೆಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಮಂಡ್ಯ ಕಡೆಯ ಒಂದು ಸಂಘದ್ದು. ಅಲ್ಲಿ ಲಿನಕ್ಸ್ ಯಂತ್ರ ಒಂದು ಮೂಲೆಯಲ್ಲಿ ಪರದೆ, ಕೀಬೋರ್ಡ್ ಏನೂ ಇಲ್ಲದೆ ಕೂತಿತ್ತು. ಅದೇ ತಂತ್ರಾಂಶ ಇಟ್ಟಮಡುವಿನಲ್ಲಿ ಎರಡು ನಿಮಿಷದೊಳಗೆ ಏಳುತ್ತದೆ. ಅಲ್ಲಿ ಒಂದೊಂದು ದಿನ ಹತ್ತು ನಿಮಿಷ. ನಾನು ಬಸ್ಸು ಹತ್ತಿ ಹೋಗಿ, ಕೀಬೋರ್ಡು ಸಿಕ್ಕಿಸಿ, ಎದುರು ಕೂತರೆ ಬೇಗ ಏಳುತ್ತಿತ್ತು. ವಾಪಸು ಬಂದರೆ ಮತ್ತೆ ಅದೇ ದೂರು. ಮೂರು ಸಲ ಹಾಗಾಯಿತು. ನಾಲ್ಕನೇ ಸಲ ಫೋನಿನಲ್ಲೇ ಅವರ ಕೈಯಿಂದ ಡಂಪ್ ತೆಗೆಸಿದೆ. ಲಾಗಿನ್ ಆದವರಿಗೆ ಗುಟ್ಟಿನ ಗುರುತುಸಂಖ್ಯೆ ಹುಟ್ಟಿಸುವ ಭಾಗ ನಿಂತುಬಿಟ್ಟಿತ್ತು. ಯಾರೂ ಊಹಿಸಲಾಗದ ಸಂಖ್ಯೆ ಬೇಕೆಂದರೆ ಲಿನಕ್ಸ್ ಹೊರಗಿನ ಗೊಂದಲವನ್ನು ಕೂಡಿಹಾಕಿಕೊಳ್ಳುತ್ತದೆ: ಕೀಲಿ ಒತ್ತುವ ನಡುವಿನ ಅಂತರ, ಮೌಸ್ ಅಲುಗಾಟ, ಡಿಸ್ಕಿನ ಕೆಲಸದ ಹೊತ್ತಿನ ಏರುಪೇರು. ಆಗಿನ ಡೆವ್ ರ‍್ಯಾಂಡಮ್ ಎಂಬ ಬಾಗಿಲು ಆ ಕೂಡಿಕೆ ಮುಗಿದರೆ ಕೊಡುವುದನ್ನು ನಿಲ್ಲಿಸಿ, ಮತ್ತೆ ಸೇರುವವರೆಗೆ ಕಾಯಿಸುತ್ತಿತ್ತು. ಮನುಷ್ಯರು ಮುಟ್ಟದ ಯಂತ್ರಕ್ಕೆ ಗೊಂದಲ ಎಲ್ಲಿಂದ ಬರಬೇಕು? ನಾನು ಎದುರು ಕೂತು ಟೈಪು ಮಾಡುತ್ತಿದ್ದದ್ದೇ ಅದಕ್ಕೆ ಆಹಾರವಾಗಿತ್ತು.

ಪಕ್ಕದಲ್ಲೇ ಕಾಯಿಸದ ಇನ್ನೊಂದು ಬಾಗಿಲಿದೆ, ಡೆವ್ ಯುರ‍್ಯಾಂಡಮ್. ಆದರೆ ಆ ಹೆಸರನ್ನು ನೇರವಾಗಿ ಬರೆದರೆ ಅಂದಿನ ಜಾವಾ ಅದನ್ನು ವಿಶೇಷ ಹೆಸರೆಂದು ತಿಳಿದು ಮತ್ತೆ ಹಳೆಯ ಬಾಗಿಲಿಗೇ ಹೋಗುತ್ತಿತ್ತು. ಹಾಗಾಗಿ ದಾರಿಯ ನಡುವೆ ಒಂದು ಬಿಂದು, ಒಂದು ಓರೆಗೆರೆ ಹೆಚ್ಚಿಗೆ ಹಾಕಿ ಬರೆಯಬೇಕಿತ್ತು. ಅರ್ಥ ಅದೇ, ರೂಪ ಬೇರೆ. ಆ ಬಿಂದುವನ್ನು ನಾನು ಫೋನಿನಲ್ಲಿ ಸಂಘದ ಗುಮಾಸ್ತರಿಗೆ ಹೇಳಿ ಬರೆಸಿದೆ. ಸರ್ವರ್ ಎದ್ದಿತು. ಜಾವಾ 8ರಲ್ಲಿ ಆ ಬಿಂದುವಿನ ಅಗತ್ಯ ಹೋಯಿತು. 2020ರ ಲಿನಕ್ಸ್ 5.6ರಿಂದ ಡೆವ್ ರ‍್ಯಾಂಡಮ್ ಕೂಡ ಒಮ್ಮೆ ಸಿದ್ಧವಾದ ಮೇಲೆ ಕಾಯಿಸುವುದಿಲ್ಲ. ಆದರೂ ಎಷ್ಟೋ ಕಂಪನಿಗಳ ಸ್ಟಾರ್ಟಪ್ ಸ್ಕ್ರಿಪ್ಟುಗಳಲ್ಲಿ ಆ ಬಿಂದು ಇನ್ನೂ ಇದೆ, ಯಾಕೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಕಂಡಾಗಲೆಲ್ಲ ನನಗೆ ಮಂಡ್ಯದ ಬಸ್ಸು ನೆನಪಾಗುತ್ತದೆ.

ಈ ಹೊತ್ತಿಗೆ ಛತ್ರ ಕಟ್ಟುವವರಿಗೂ ಒಲೆಗಳ ವಿಷಯ ತಿಳಿದಿತ್ತು. ಸನ್ ಕಂಪನಿಯ ಇಂಡಿಯಾ ಎಂಜಿನಿಯರಿಂಗ್ ಸೆಂಟರ್ ನಮ್ಮೂರಲ್ಲೇ, ಓಶಾಗ್ನೆಸಿ ರಸ್ತೆಯ ದಿವ್ಯಶ್ರೀ ಚೇಂಬರ್ಸ್‌ನಲ್ಲಿತ್ತು. ಗ್ಲಾಸ್‌ಫಿಶ್ ಎಂಬ ಅಪ್ಲಿಕೇಶನ್ ಸರ್ವರಿನ ಕೆಲಸದ ಒಂದು ಪಾಲು ಅಲ್ಲಿ ನಡೆಯುತ್ತಿತ್ತು. ಇಟ್ಟಮಡುವಿನಿಂದ ಎರಡು ಬಸ್ಸು ಬದಲಿಸಿ ಹೋಗುವಷ್ಟು ಹತ್ತಿರ. ನಾವು ಕಾಫಿ ಕುಡಿಯುತ್ತ ಬೈದುಕೊಳ್ಳುತ್ತಿದ್ದ ತೊಂದರೆಯನ್ನು ಬೇರಿನಿಂದಲೇ ಬಿಡಿಸುವ ಕೆಲಸ ಇದೇ ಊರಿನಲ್ಲೂ ನಡೆದಿದೆಯೆಂದು ತಿಳಿದಾಗ ನನಗಾದ ಹೆಮ್ಮೆಯನ್ನು ಮುಚ್ಚಿಡಲಾರೆ. 2009ರ ಡಿಸೆಂಬರಿನಲ್ಲಿ ಬಂದ ಗ್ಲಾಸ್‌ಫಿಶ್ 3 ಛತ್ರವನ್ನು ಬಿಡಿಬಿಡಿ ಕೋಣೆಗಳಾಗಿ ಕಟ್ಟಿತು. ನಡುವೆ ಒಂದು ಪುಟ್ಟ ಕೇಂದ್ರ, ಸುತ್ತ ಒಎಸ್‌ಜಿಐ ಎಂಬ ನಿಯಮದ ಭಾಗಗಳು. ಯಾವ ಒಲೆಗೆ ಕೆಲಸ ಬರುತ್ತದೋ ಅದನ್ನು ಆಗ ಹಚ್ಚುವುದು. ಆಡಳಿತದ ಪುಟಗಳು ಕೂಡ ಮೊದಲ ಸಲ ಯಾರಾದರೂ ತೆರೆದಾಗಲೇ ಒಳಗೆ ಬರುತ್ತಿದ್ದವು. ಮರು ತಿಂಗಳೇ, 2010ರ ಜನವರಿಯಲ್ಲಿ, ಸನ್ ಕಂಪನಿ ಆರಕಲ್ ಕೈಗೆ ಹೋಯಿತು. 2011ರ ಜುಲೈನಲ್ಲಿ ಜೆಬಾಸ್ 7 ಎಂಬ ಇನ್ನೊಂದು ಸರ್ವರ್ ಬಂತು. ಅದು ಒಂದರ ಹಿಂದೊಂದು ನಡೆಯುತ್ತಿದ್ದ ಕೆಲಸಗಳನ್ನು ಯಾವುದು ಯಾವುದಕ್ಕೆ ಕಾಯಬೇಕೆಂದು ಗುರುತು ಹಾಕಿ, ಮಿಕ್ಕವನ್ನೆಲ್ಲ ಒಟ್ಟಿಗೇ ಓಡಿಸಿತು. ಖಾಲಿ ಸರ್ವರ್ ಕೆಲವೇ ಸೆಕೆಂಡುಗಳಲ್ಲಿ ಎದ್ದದ್ದನ್ನು ಮೊದಲ ಸಲ ನೋಡಿದಾಗ ಏನೋ ತಪ್ಪಾಗಿದೆಯೆಂದು ನಿಲ್ಲಿಸಿ ಮತ್ತೆ ಎಬ್ಬಿಸಿದೆ.

ಬೇಕಾದಾಗ ಹಚ್ಚುವ ಒಲೆಯಲ್ಲಿ ಒಂದು ಲೆಕ್ಕವಿದೆ. ಕಾಯುವುದು ಮಾಯವಾಗುವುದಿಲ್ಲ, ಮೊದಲು ಬಂದ ಅತಿಥಿಯ ತಲೆಗೆ ಬೀಳುತ್ತದೆ. ಬರೆಯುವವನ ಮೇಜಿನ ಮೇಲೆ ಅದು ವರ. ಸಂಘದ ಕೌಂಟರಿನ ಮುಂದೆ ಬೆಳಿಗ್ಗೆ ಹತ್ತಕ್ಕೆ ಬಂದು ನಿಂತ ಮೊದಲ ಸದಸ್ಯನಿಗೆ ಅಲ್ಲ. ಹಾಗಾಗಿ ಊರುಗಳಲ್ಲಿ ನಾವು ಒಂಬತ್ತೂವರೆಗೆ ಒಂದು ಸುಳ್ಳು ವ್ಯವಹಾರ ನಡೆಸಿ ಎಲ್ಲ ಒಲೆ ಬಿಸಿಮಾಡಿ ಇಡುತ್ತಿದ್ದೆವು.

ಅದೇ 2009ರ ಕೊನೆಗೆ ಬಂದ, ಛತ್ರದ ಪಟ್ಟಿಯ ಹೊಸ ನಿಯಮಗಳು ಎಕ್ಸ್‌ಎಂಎಲ್ ಬರೆಯುವ ಕಾಟ ತಪ್ಪಿಸಿದವು, ಕೋಡಿನಲ್ಲೇ ಗುರುತು ಬರೆದರಾಯಿತು. ಆದರೆ ಗುರುತು ಎಲ್ಲಿದೆಯೆಂದು ತಿಳಿಯಲು ಸರ್ವರ್ ಪ್ರತಿ ಜಾರ್ ಬಿಚ್ಚಿ ನೋಡಬೇಕು. ಉಳಿಸಿದ ಸೆಕೆಂಡುಗಳು ಇನ್ನೊಂದು ಬಾಗಿಲಿನಿಂದ ಹೊರಟುಹೋದವು. ಟಾಮ್‌ಕ್ಯಾಟ್ ಎಂಬ ಸರ್ವರ್ ತನ್ನ ಲಾಗ್‌ನಲ್ಲೇ ಹೇಳುತ್ತದೆ, ಹುಡುಕಿದ ಜಾರ್‌ನಲ್ಲಿ ಬೇಕಾದ್ದು ಸಿಗಲಿಲ್ಲ, ಅದನ್ನು ಬಿಟ್ಟುಬಿಡುವ ಪಟ್ಟಿಗೆ ಸೇರಿಸಿದರೆ ಬೇಗ ಏಳಬಲ್ಲೆ ಎಂದು. ಎಷ್ಟು ಜನ ಆ ಸಾಲನ್ನು ಓದಿದ್ದಾರೆ?

2012ರಲ್ಲಿ ನಮ್ಮ ಆಫೀಸು ಮುಚ್ಚಿತು. ನಾನು ರಿಂಗ್ ರೋಡಿನ ಆಚೆ ಕಡೆಯ ದೊಡ್ಡ ಕಂಪನಿಯೊಂದಕ್ಕೆ ಸೇರಿದೆ. ಮನೆ ಇಟ್ಟಮಡುವಿನಲ್ಲೇ. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೋಗಿಬರುವುದರಲ್ಲಿ ದಿನಕ್ಕೆ ಮೂರು ಗಂಟೆ ಹೋಗುತ್ತಿತ್ತು. ಅಡ್ಡರಸ್ತೆಗಳ ಖಾಲಿ ಸೈಟುಗಳು ಒಂದೊಂದಾಗಿ ನಾಲ್ಕು ಅಂತಸ್ತಾದವು, ಪಿಜಿಗಳು ಬಂದವು. ಅಜ್ಜಿ ತೀರಿಕೊಂಡ ಮೇಲೆ ಆ ಮನೆಯನ್ನೂ ಕೆಡವಿ ಫ್ಲ್ಯಾಟ್ ಕಟ್ಟಿದರು. ನಾವು ಹತ್ತಿ ಇಳಿಯುತ್ತಿದ್ದ ಮೆಟ್ಟಿಲಿನ ಜಾಗದಲ್ಲಿ ಈಗ ಲಿಫ್ಟ್ ಇದೆ.

ಹೊಸ ಕೆಲಸದಲ್ಲಿ ಏಳುವುದರ ಅರ್ಥವೇ ಬದಲಾಗಿತ್ತು. ಸಂಘದ ಸರ್ವರ್ ಒಮ್ಮೆ ಎದ್ದರೆ ತಿಂಗಳುಗಟ್ಟಲೆ ನಿಂತಿರುತ್ತಿತ್ತು, ಎಬ್ಬಿಸುವ ತೊಂದರೆ ನಮ್ಮ ಮೇಜಿನದು ಮಾತ್ರ. ಕಂಟೇನರ್ ಬಂದ ಮೇಲೆ ಒಂದು ದೊಡ್ಡ ಛತ್ರ ಹೋಗಿ ನೂರು ಗೂಡಂಗಡಿಗಳಾದವು. ಜನ ಬಂದರೆ ಹತ್ತು ಹೆಚ್ಚಿಗೆ ತೆರೆಯಬೇಕು, ಹೋದರೆ ಮುಚ್ಚಬೇಕು. ಏಳುವುದು ದಿನವಿಡೀ ನಡೆಯುವ ಕೆಲಸವಾಯಿತು. ಒಂದು ರಾತ್ರಿ ನಮ್ಮ ಒಂದು ಸೇವೆ ಸಾಯುತ್ತ ಹುಟ್ಟುತ್ತ ಬೆಳಗಾಗುವವರೆಗೂ ಸುತ್ತಿತು. ಕಂಟೇನರ್ ನೋಡಿಕೊಳ್ಳುವ ಕುಬರ್ನೆಟೀಸ್ ಆಗಾಗ ಬಂದು "ಜೀವ ಇದೆಯಾ?" ಎಂದು ಕೇಳುತ್ತದೆ. ಉತ್ತರ ಬರದಿದ್ದರೆ ಸತ್ತಿದೆಯೆಂದು ತಿಳಿದು ಕೊಂದು ಹೊಸದನ್ನು ಎಬ್ಬಿಸುತ್ತದೆ. ನಮ್ಮದಕ್ಕೆ ಏಳಲು ತೊಂಬತ್ತು ಸೆಕೆಂಡು ಬೇಕು, ಅರವತ್ತಕ್ಕೇ ಅದನ್ನು ಕೊಲ್ಲುತ್ತಿತ್ತು. ಅದಕ್ಕೆ ಕೊಟ್ಟಿದ್ದ ಪ್ರೊಸೆಸರ್ ಪಾಲು ಅರ್ಧಕ್ಕಿಂತ ಕಡಿಮೆ. ಏಳುವಾಗಲೇ ಜಾವಾಕ್ಕೆ ಶಕ್ತಿ ಜಾಸ್ತಿ ಬೇಕೆಂಬುದನ್ನು ಆ ಅಂಕಿ ಬರೆದವರು ಯೋಚಿಸಿರಲಿಲ್ಲ. ಸರ್ ಕೇಳಿದ ಪ್ರಶ್ನೆಗೆ ಮೊದಲ ಸಲ ನನಗೆ ಇನ್ನೊಂದು ಬಗೆಯ ಉತ್ತರ ಸಿಕ್ಕಿತು. ಅದು ಕಾಯುತ್ತಿತ್ತು, ತನ್ನ ಸರದಿಗಾಗಿ.

ಜಾವಾ ಕಟ್ಟುವವರು ಈ ಹತ್ತು ವರ್ಷ ಪಟ್ಟ ಶ್ರಮ ನಿಜಕ್ಕೂ ದೊಡ್ಡದು. ಓದಿ ಜೋಡಿಸಿದ ಕ್ಲಾಸ್‌ಗಳನ್ನು ಆ ರೂಪದಲ್ಲೇ ಫೈಲಿಗೆ ಬರೆದಿಟ್ಟು ಮುಂದಿನ ಸಲ ನೇರವಾಗಿ ಎತ್ತಿಕೊಳ್ಳುವ ಉಪಾಯ 2004ರ ಜಾವಾ 5ರಲ್ಲೇ ಇತ್ತು, ಜಾವಾದ ಸ್ವಂತ ಕ್ಲಾಸ್‌ಗಳಿಗೆ ಮಾತ್ರ. 2018ರ ಜೆಡಿಕೆ 10ರಲ್ಲಿ ನಾವು ಬರೆದ ಕ್ಲಾಸ್‌ಗಳಿಗೂ ಅದು ಎಲ್ಲರ ಕೈಗೆ ಸಿಕ್ಕಿತು. ಸಾರಿನಪುಡಿ ಒಮ್ಮೆ ಹುರಿದು ಕುಟ್ಟಿಟ್ಟುಕೊಂಡ ಹಾಗೆ, ದಿನಾ ಸಾರಿಗೆ ಕೊತ್ತಂಬರಿಬೀಜ ಹುರಿಯುವುದು ತಪ್ಪುತ್ತದೆ. 2025ರ ಮಾರ್ಚಿನಲ್ಲಿ ಬಂದ ಜೆಡಿಕೆ 24 ಇನ್ನೂ ಮುಂದೆ ಹೋಗಿ, ಜೋಡಿಸುವ ಕೆಲಸವನ್ನೂ ಮುಂಚೆಯೇ ಮಾಡಿಡುತ್ತದೆ. ಅದರ ಪ್ರಸ್ತಾವದಲ್ಲೇ ಕೊಟ್ಟ ಅಳತೆ: ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟಿನ ಪೆಟ್‌ಕ್ಲಿನಿಕ್ ಎಂಬ ಮಾದರಿ ತಂತ್ರಾಂಶ ಏಳುವಾಗ ಸುಮಾರು 21,000 ಕ್ಲಾಸ್‌ಗಳನ್ನು ಎತ್ತುತ್ತದೆ, 4.486 ಸೆಕೆಂಡು ಹಿಡಿಯುತ್ತಿದ್ದದ್ದು 2.604ಕ್ಕೆ ಇಳಿಯಿತು. ಇನ್ನೊಂದು ಕಡೆ ಗ್ರಾಲ್‌ನವರು ಇಡೀ ತಂತ್ರಾಂಶವನ್ನು ಮುಂಚೆಯೇ ಯಂತ್ರದ ಭಾಷೆಗೆ ತಿರುಗಿಸಿಡುತ್ತಾರೆ. ಅದು ಕಣ್ಣೆವೆ ಮುಚ್ಚುವುದರೊಳಗೆ ಏಳುತ್ತದೆ. ಆದರೆ ಓಡುವಾಗ ಹೊಸದಾಗಿ ಏನು ಬೇಕಾಗಬಹುದೆಂದು ಎಲ್ಲವನ್ನೂ ಮುಂಚೆಯೇ ಹೇಳಿಡಬೇಕು, ಕಟ್ಟಲು ಹೊತ್ತೂ ಹಿಡಿಯುತ್ತದೆ.

ನನಗೆ ಚಿಂತೆ ಇರುವುದು ಇಲ್ಲಿ. ಈ ಉಪಾಯಗಳೆಲ್ಲ ಕೆಲಸವನ್ನು ಕಡಿಮೆ ಮಾಡುತ್ತವೆ. ಕಾಯುವುದನ್ನು ಕಡಿಮೆ ಮಾಡುವುದಿಲ್ಲ. ಮೂರು ಡಬ್ಲ್ಯೂಗಳಿಗೆ ಯಾವ ಜೆಡಿಕೆಯಲ್ಲೂ ಮದ್ದಿಲ್ಲ. ಅದು ಕಾಣಬೇಕಾದರೆ ಯಾರಾದರೂ ನೋಡಬೇಕು. ನಮಗೆ ಐದೂವರೆ ನಿಮಿಷದ ನೋವು ನೋಡುವಂತೆ ಮಾಡಿತು. ಈಗ ಹದಿನೈದು ಸೆಕೆಂಡು ಯಾರನ್ನೂ ನೋಯಿಸುವುದಿಲ್ಲ. ಇನ್ನೆರಡು ಕಂಟೇನರ್ ಹೆಚ್ಚಿಗೆ ಬಾಡಿಗೆ ಹಿಡಿದರೆ ಮುಗಿಯಿತು.

2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನಿಗೆ ಎಲ್ಲರೂ ಮನೆಗೆ ಬಂದರು. ಸಿಲ್ಕ್ ಬೋರ್ಡಿನ ಮೂರು ಗಂಟೆ ಒಂದೇ ದಿನದಲ್ಲಿ ಕೈಗೆ ಮರಳಿತು. ಅಡ್ಡರಸ್ತೆಯ ಪ್ರತಿ ಮನೆಯಲ್ಲೂ ಮತ್ತೆ ಒಂದೊಂದು ಆಫೀಸು, ಬಾಲ್ಕನಿಗಳಿಂದ ಕಾಲ್‌ನ ಸದ್ದು. ಅಜ್ಜಿಯ ಮೊಮ್ಮಗಳು, ನಮ್ಮ ಮೆಟ್ಟಿಲ ಮೇಲೆ ಚಪ್ಪಲಿಗಳನ್ನು ಅದಲುಬದಲು ಮಾಡುತ್ತಿದ್ದವಳು, ಎಂಜಿನಿಯರಿಂಗ್ ಮುಗಿಸಿ ಈಗ ಅದೇ ಜಾಗದ ಎರಡನೇ ಅಂತಸ್ತಿನಲ್ಲಿ ಕೂತು ಜಾವಾ ಬರೆಯುತ್ತಾಳೆ. ಈಚೆಗೆ ಒಂದು ಭಾನುವಾರ ಸಂಜೆ ಹಾಲಿನ ಅಂಗಡಿಯ ಮುಂದೆ ಸಿಕ್ಕಳು. "ಅಂಕಲ್, ನಮ್ಮದು ಏಳೋಕೆ ಇಪ್ಪತ್ತು ಸೆಕೆಂಡ್ ತಗೊಳ್ತಿದೆ. ಟೀಮಲ್ಲಿ ಲ್ಯಾಪ್‌ಟಾಪ್ ಬದಲಾಯಿಸ್ಕೋ ಅಂತಾರೆ" ಎಂದಳು. ಏಳೋಕೆ ಎಂದಳು. ಅವಳ ಅಜ್ಜಿಯ ಮಾತು.

ಮೇಲೆ ಹೋಗಿ ಕೂತೆವು. ಮೊದಲು ಲಾಗ್ ತೆಗೆಸಿ ಹೊತ್ತಿನ ಅಂಕಿಗಳನ್ನು ಓದಿಸಿದೆ. ಶುರುವಿನಲ್ಲೇ ಐದು ಸೆಕೆಂಡಿನ ಜಿಗಿತ. ಅದರ ಪಕ್ಕದಲ್ಲೇ ಸ್ಪ್ರಿಂಗ್ ಬೂಟ್ ಎಚ್ಚರಿಕೆಯ ಸಾಲೊಂದನ್ನು ಬರೆದಿತ್ತು, ಈ ಯಂತ್ರದ ಹೆಸರು ತಿಳಿದುಕೊಳ್ಳಲು ಐದು ಸಾವಿರ ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯಿತು, ಮ್ಯಾಕ್ ಆಗಿದ್ದರೆ ಹೋಸ್ಟ್ಸ್ ಫೈಲಿನಲ್ಲಿ ಹೆಸರು ಸೇರಿಸಬೇಕಾಗಬಹುದು ಎಂದು. ಯಂತ್ರ ಕಾರಣವನ್ನೂ ಮದ್ದನ್ನೂ ತಾನೇ ಹೇಳಿತ್ತು, ಪ್ರತಿ ದಿನ, ಪ್ರತಿ ಸಲ. ಅವಳು ಹೆಸರು ಸೇರಿಸಿ ಮತ್ತೆ ಎಬ್ಬಿಸಿದಳು. ಐದು ಸೆಕೆಂಡು ಹೋಯಿತು. ಅವಳು ಚಪ್ಪಾಳೆ ತಟ್ಟಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು.

"ಮಿಕ್ಕ ಹದಿನೈದು?" ಎಂದಳು.

"ಕೆಲಸ ಮಾಡ್ತಿದೆಯೋ, ಕಾಯ್ತಿದೆಯೋ ನೋಡ್ಬೇಕು" ಎಂದು, ಡಂಪ್ ತೆಗೆಯುವ ಜೆಸ್ಟ್ಯಾಕ್ ಹೇಗೆ ಬಳಸುವುದೆಂದು ತೋರಿಸಿದೆ, ಐದು ತೆಗೆಯಬೇಕೆಂದೂ ಹೇಳಿದೆ. ಮೊದಲ ಡಂಪ್ ಬಂತು. ಮುಖ್ಯ ಥ್ರೆಡ್ ಡೇಟಾಬೇಸಿನ ಬಾಗಿಲಲ್ಲಿ ನಿಂತ ಹಾಗಿತ್ತು. ಇದೇ ಇರಬೇಕು ಎಂದು ನಾನು ಕೈ ತೋರಿಸಹೋದೆ. ಅವಳು ತಡೆದಳು. "ಇರಿ ಅಂಕಲ್, ಇನ್ನೂ ನಾಲ್ಕು ತೆಗೀಬೇಕಲ್ಲ?"